ಎರಡನೇ ಮೇಜಿನ ಪ್ಲೇಟುಗಳು

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದ ಎರಡನೇ ತಿಂಗಳಿಗೇ ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಇವತ್ತು ಬಸ್ಸು ಎಲ್ಲಿ ನಿಲ್ಲುತ್ತದೆಂದು ಡ್ರೈವರಿಗೇ ಗೊತ್ತಿರುತ್ತಿರಲಿಲ್ಲ. ಆದರೂ ಎಂಟೂ ಇಪ್ಪತ್ತಕ್ಕೆ ನಾನು ಶೆಡ್ಡಿನ ಬಾಗಿಲಲ್ಲಿ ಇರುತ್ತಿದ್ದೆ. ಎಂಟೂವರೆಯ ಕೆಲಸಕ್ಕೆ ಎಂಟೂವರೆಗೆ ಬಂದರೆ ಅದು ತಡ ಎಂದೇ ಕಾರ್ಖಾನೆಯಲ್ಲಿ ನಮಗೆ ಕಲಿಸಿದ್ದರು.

ಶೆಡ್ಡಿನವರು ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅದರೊಳಗೆ ರಾಳ ಇಳಿಸಿ, ಒಲೆಯಲ್ಲಿ ಬೇಯಿಸಿ ಗಟ್ಟಿ ಹಲಗೆಗಳನ್ನು ಮಾಡುತ್ತಿದ್ದರು. ನಾವು ಅದನ್ನು ಪ್ಲೇಟು ಅನ್ನುತ್ತಿದ್ದೆವು. ಹಾಜರಿ ಪುಸ್ತಕದಷ್ಟು ಅಗಲ, ಕಿರುಬೆರಳಿಗಿಂತ ತೆಳು. ಆ ವರ್ಷ ದೊಡ್ಡದೊಂದು ಕೆಲಸ ಬಂದಿತ್ತು. ಒಂದು ಸಂಶೋಧನಾ ಸಂಸ್ಥೆಯವರು ಬಹಳ ಶಕ್ತಿಯ ಆಯಸ್ಕಾಂತ ಕಟ್ಟುತ್ತಿದ್ದರು. ಅದರ ಸುರುಳಿಯಲ್ಲಿ ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ನಡುವೆ ಇದೇ ಗಾಜು-ರಾಳದ ಪದರ ಇರಬೇಕು. ಅದಕ್ಕೆ ಎಷ್ಟು ತಾಕತ್ತಿದೆ ಎಂದು ಮೊದಲು ಪ್ಲೇಟುಗಳಲ್ಲಿ ತೋರಿಸಬೇಕು. ತೋರಿಸಿದರೆ ಸುರುಳಿಯ ಕೆಲಸ ನಮಗೆ.

ಆ ಸಂಸ್ಥೆಯ ವಿಜ್ಞಾನಿಯೊಬ್ಬರು ಬಂದು ನನಗೆ ವಿವರಿಸಿದ್ದರು. ಕರೆಂಟು ಹರಿದಾಗ ಸುರುಳಿ ತನ್ನನ್ನು ತಾನೇ ಸೀಳಿಕೊಳ್ಳಲು ನೋಡುತ್ತದೆ. ಒಂದೊಂದು ಸುತ್ತೂ ಪಕ್ಕದ್ದನ್ನು ದಬ್ಬುತ್ತದೆ. ಅದೆಲ್ಲ ನಡೆಯುವುದು ಇನ್ನಿಲ್ಲದ ಚಳಿಯಲ್ಲಿ. ಆ ಚಳಿಯಲ್ಲಿ ನಮ್ಮ ಪದರ ಕೂದಲೆಳೆಯಷ್ಟು ಜಾರಿದರೂ ಸಾಕು, ಜಾರಿದ ಬಿಸಿಗೇ ಆಯಸ್ಕಾಂತ ಕೆಟ್ಟು ನಿಲ್ಲುತ್ತದೆ. "ಅಂಗೈ ಉಜ್ಜಿಕೊಂಡ್ರೆ ಬರುತ್ತಲ್ಲ ಮೇಡಂ, ಅಷ್ಟು ಬಿಸಿಯೂ ಬೇಡ" ಅಂದರು. ಆ ಮಾತು ನನಗೆ ಇಷ್ಟವಾಯಿತು. ಕಾರ್ಖಾನೆಯಲ್ಲಿ ಇಷ್ಟು ಬಿಗಿಯಾದ ಕೆಲಸ ಸಿಕ್ಕಿ ಬಹಳ ವರ್ಷ ಆಗಿತ್ತು.

ನನ್ನ ಪರೀಕ್ಷೆ ಸರಳ. ಪ್ಲೇಟನ್ನು ಬೆರಳುದ್ದದ ತುಂಡುಗಳಾಗಿ ಕೊಯ್ಯಿಸುತ್ತಿದ್ದೆ. ಒಂದೊಂದನ್ನೂ ಆ ಚಳಿ ಬರಲೆಂದು ದ್ರವ ಸಾರಜನಕದಲ್ಲಿ ಅದ್ದಿ, ಅದರ ಕುದಿ ನಿಂತ ಮೇಲೆ ಯಂತ್ರದ ಎರಡು ಆನಿಕೆಗಳ ಮೇಲೆ ಸೇತುವೆಯಂತೆ ಇಟ್ಟು, ನಡುವೆ ಒತ್ತುತ್ತಿದ್ದೆ. ಒಳ್ಳೆಯ ತುಂಡು ಕೊನೆಯವರೆಗೂ ಗುಟ್ಟು ಬಿಡದೆ, ಆಮೇಲೆ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದಂತೆ ಒಂದೇ ಸದ್ದು ಮಾಡುತ್ತದೆ. ಕೆಟ್ಟ ತುಂಡು ಮೊದಲೇ ಸಣ್ಣಗೆ ಪಿಸುಗುಟ್ಟುತ್ತದೆ. ಪದರಗಳು ಹಳೇ ಪುಸ್ತಕದ ಹಾಳೆಗಳ ಹಾಗೆ ಬಿಡಿಸಿಕೊಂಡಿರುತ್ತವೆ.

ಸೇರಿದ ವಾರದಲ್ಲೇ ನಾನು ಎರಡು ನಿಯಮ ತಂದೆ. ಒಂದು, ಯಾವ ತುಂಡಿನ ಮೇಲೂ ಮೇಜಿನ ಸಂಖ್ಯೆ, ಪ್ಲೇಟು ಮಾಡಿದ ದಿನ, ಪ್ಲೇಟಿನ ಯಾವ ಜಾಗದಿಂದ ಕೊಯ್ದದ್ದು, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆಯದೆ ಕೊಯ್ಯುವ ಹಾಗಿಲ್ಲ. ಮಾಲೀಕ ನಕ್ಕ. ಇಂಜಿನಿಯರಿಂಗ್ ಓದಿ, ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು ಸ್ವಂತಕ್ಕೆ ಶೆಡ್ಡು ಹಾಕಿದವನು, ಹೆಚ್ಚುಕಡಿಮೆ ನನ್ನ ಅರ್ಧ ವಯಸ್ಸಿನವನು. "ಮೇಡಂ, ಇದೇನು ತುಂಡಿಗೆಲ್ಲ ಜಾತಕ ಬರೀತಿದೀರಾ?" ಅಂದ. ನಗಲಿ ಎಂದು ಬಿಟ್ಟೆ.

ಎರಡನೆಯದು ಗ್ಲೌಸಿನದು. ಗಾಜಿನ ಬಟ್ಟೆ ಮುಟ್ಟುವವರು ಗ್ಲೌಸ್ ಹಾಕಲೇಬೇಕು. ನಾನು ಬರುವ ಮೊದಲು ಆ ಗ್ಲೌಸುಗಳು ಮೇಜಿನ ಕೆಳಗೆ, ಒಲೆಯ ಮೇಲೆ, ಟೀ ಲೋಟದ ಪಕ್ಕ, ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ನಾನು ಎಲ್ಲವನ್ನೂ ನನ್ನ ಬೀರುವಿಗೆ ಹಾಕಿ ಬೀಗ ಹಾಕಿದೆ. ಸೋಮವಾರ ಎಂಟೂವರೆಗೆ ಹಳೇ ಜೊತೆ ಕೊಟ್ಟವರಿಗೆ ಹೊಸ ಜೊತೆ. ಎಲ್ಲರಿಗೂ ಒಂದೇ. ಮಾಲೀಕನಿಗೆ ಈ ನಿಯಮ ಮಾತ್ರ ಬಹಳ ಹಿಡಿಸಿತು. ನನಗೂ ಹಿಡಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಬಟ್ಟೆ ಹಾಸಲು ಮೂರು ಮೇಜು, ಮೂವರು ಹೆಂಗಸರು. ಎರಡನೇ ಮೇಜಿನವಳು ಹತ್ತಿರದ ಹಳ್ಳಿಯವಳು. ಈಗ ಅದು ಹಳ್ಳಿಯಲ್ಲ, ನಾಲ್ಕು ಕಡೆ ಶೆಡ್ಡುಗಳ ನಡುವೆ ಸಿಕ್ಕಿಕೊಂಡ ಎರಡು ಬೀದಿ. ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಮಾತು ಕಡಿಮೆ. ಉಳಿದಿಬ್ಬರು ಒಂದು ಪ್ಲೇಟು ಹಾಸುವಷ್ಟರಲ್ಲಿ ಇವಳದು ಎರಡು ಮುಗಿದು ಮೂರನೆಯದಕ್ಕೆ ಕತ್ತರಿ ಹಿಡಿದಿರುತ್ತಿದ್ದಳು. ಬಟ್ಟೆಯ ಎರಡು ಮೂಲೆ ಹಿಡಿದು ಒಮ್ಮೆ ಒದರಿ ಅಚ್ಚಿನ ಮೇಲೆ ಇಳಿಸಿದರೆ ಮುಗಿಯಿತು. ಒಂದು ಸುಕ್ಕು, ಒಂದು ಎಳೆ ಓರೆ ಇರುತ್ತಿರಲಿಲ್ಲ. ಅಕ್ಕಪಕ್ಕದ ಹತ್ತು ಶೆಡ್ಡುಗಳಲ್ಲಿ ಅಂಥ ಕೈ ಇರಲಿಲ್ಲ.

ಡಿಸೆಂಬರಿನಲ್ಲಿ ತುಂಡುಗಳು ಸೋಲತೊಡಗಿದವು.

ಎಲ್ಲವೂ ಅಲ್ಲ. ಹತ್ತು ತುಂಡು ಚೆನ್ನಾಗಿ ಒಡೆದರೆ ಹನ್ನೊಂದನೆಯದು ಪಿಸುಗುಟ್ಟುತ್ತಿತ್ತು. ಮತ್ತೆ ಚೆನ್ನ, ಮತ್ತೆ ಪಿಸುದನಿ. ಪದರದ ನಡುವೆ ರಾಳವೇ ಹಿಡಿದಿಲ್ಲದಂತೆ ಗಾಜು ಬೆಳ್ಳಗೆ ಕಾಣುತ್ತಿತ್ತು. ಮಾಲೀಕನಿಗೆ ತೋರಿಸಿದೆ.

"ಅವನ್ನ ಬಿಟ್ಟು ಆವರೇಜ್ ತೆಗೀರಿ ಮೇಡಂ," ಅಂದ. "ಒಂದೆರಡು ಪೀಸ್ ಹಾಗೆ ಬರುತ್ತೆ. ಎಲ್ಲಾ ಕಡೆ ಬರುತ್ತೆ."

"ಎಲ್ಲಾ ಕಡೆ ಬಂದಿದ್ರೆ ನಾನು ಸುಮ್ಮನೆ ಇರ್ತಿದ್ದೆ. ಯಾಕೆ ಬಂತು ಅಂತ ಗೊತ್ತಾಗದೆ ಒಂದೂ ಬಿಡಲ್ಲ."

"ಯಾರು ಎಣಿಸ್ತಾರೆ ಬಿಡಿ ಮೇಡಂ."

"ಸುರುಳಿ ಎಣಿಸುತ್ತೆ."

ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಸಿಟ್ಟಿಗೆ ನನಗೆ ಬಾಗಿಲು ರಪ್ಪೆಂದು ಬಡಿಯಬೇಕೆನಿಸಿತು. ಶೆಡ್ಡಿಗೆ ಇದ್ದದ್ದು ರೋಲಿಂಗ್ ಶಟರು.

ಮಾರನೆಯ ದಿನ ಕೆಲಸ ಮುಗಿದ ಮೇಲೆ, ಎರಡು ತಿಂಗಳಿಂದ ಒಡೆದ ಎಲ್ಲಾ ತುಂಡುಗಳನ್ನೂ ಡಬ್ಬಿಗಳಿಂದ ತೆಗೆದು ನೆಲದ ಮೇಲೆ ಹರಡಿದೆ. ಒಂದೊಂದು ಪ್ಲೇಟನ್ನೂ ಅದು ಮೊದಲು ಇದ್ದಂತೆಯೇ ತುಂಡು ತುಂಡಾಗಿ ಜೋಡಿಸಿದೆ. ಸೋತ ತುಂಡಿನ ಮೇಲೆ ಒಂದು ಹುಣಸೆ ಬೀಜ ಇಟ್ಟೆ. ಬೀಜಗಳು ಎಲ್ಲೆಂದರಲ್ಲಿ ಬೀಳಲಿಲ್ಲ. ಒಂದನೇ ಮೇಜಿನ ಪ್ಲೇಟುಗಳಲ್ಲಿ ಒಂದೂ ಇಲ್ಲ. ಮೂರನೆಯದರಲ್ಲೂ ಇಲ್ಲ. ಇದ್ದದ್ದೆಲ್ಲ ಎರಡನೇ ಮೇಜಿನವು. ಅದರಲ್ಲೂ ಮೇಲಿನ ಎರಡು ಮೂಲೆಗಳಲ್ಲಿ, ಅಂಗೈಯಷ್ಟು ಜಾಗದಲ್ಲಿ ಮಾತ್ರ. ದಿನ ನೋಡಿದೆ. ಸೋಮವಾರದ್ದು ಒಂದೂ ಇಲ್ಲ, ಮಂಗಳವಾರ ಇಲ್ಲ, ಬುಧವಾರ ಇಲ್ಲ. ಎಲ್ಲಾ ಗುರುವಾರ, ಶುಕ್ರವಾರ, ಶನಿವಾರ.

ಇಷ್ಟು ಚೊಕ್ಕವಾಗಿ ಒಂದು ತಪ್ಪು ಹಿಡಿದು ವರ್ಷಗಳಾಗಿದ್ದವು. ಬೆಳಿಗ್ಗೆ ಮಾಲೀಕನನ್ನು ಕರೆದು ನೆಲ ತೋರಿಸಿದೆ. ಅವನು ಬಗ್ಗಿ ನೋಡಿ ನೆಟ್ಟಗಾದ.

"ಇಷ್ಟೇ ತಾನೆ? ಅವಳನ್ನ ಕಳಿಸಿಬಿಡೋಣ."

"ಕಾರಣ ಇನ್ನೂ ಗೊತ್ತಾಗಿಲ್ಲ."

"ಕಾರಣ ಏನು ಮೇಡಂ, ಗುರುವಾರ ಉಪವಾಸ ಇರ್ತಾಳೇನೋ. ತಲೆ ಸುತ್ತಿ ಕೈ ನಡುಗುತ್ತೆ." ತನ್ನ ಮಾತಿಗೆ ತಾನೇ ನಕ್ಕ.

ಆ ದಿನ ಗುರುವಾರವೇ. ನಾನು ನೇರ ಎರಡನೇ ಮೇಜಿನ ಹಿಂದೆ ಹೋಗಿ ನಿಂತೆ. ಒಲೆಯ ಮೇಲೆ ಒಂದು ಸಣ್ಣ ಬಾಟಲಿ. ಚಳಿಗೆ ಹೆಪ್ಪುಗಟ್ಟಿದ್ದ ಕೊಬ್ಬರಿ ಎಣ್ಣೆ ಕರಗಲೆಂದು ಇಟ್ಟದ್ದು. ಅವಳು ಬಂದಳು, ಬಾಟಲಿ ತೆಗೆದಳು, ಮೊಣಕೈಯಿಂದ ಬೆರಳ ತುದಿಯವರೆಗೆ ಎಣ್ಣೆ ಸವರಿಕೊಂಡಳು, ಸೀರೆ ಸೆರಗಿಗೆ ಅಂಗೈ ಒರೆಸಿಕೊಂಡಳು, ಬಟ್ಟೆಯ ಎರಡು ಮೂಲೆ ಹಿಡಿದಳು.

ನಾನು ಕಿರುಚಿದೆ. ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ನಿಂತವರಿಗೆ ಕಿರುಚುವ ದನಿ ಅದು. ಮೂರೂ ಮೇಜು ನಿಂತವು.

"ಬುದ್ಧಿ ಇದೆಯಾ ನಿನಗೆ? ಎಣ್ಣೆ ಕೈಯಲ್ಲಿ ಬಟ್ಟೆ ಮುಟ್ಟುತ್ತೀಯಾ? ಎಣ್ಣೆ ಇರೋ ಕಡೆ ರಾಳ ಹಿಡಿಯುತ್ತಾ? ಎರಡು ತಿಂಗಳ ಕೆಲಸ ಹಾಳು ಮಾಡಿದ್ದೀಯಲ್ಲ! ಗ್ಲೌಸ್ ಎಲ್ಲಿ?"

ಅವಳು ಬಟ್ಟೆ ಕೆಳಗಿಟ್ಟಳು. ಮೇಜಿನ ಕೆಳಗಿನಿಂದ ಗ್ಲೌಸ್ ತೆಗೆದು ನನ್ನ ಮುಂದೆ ಹಿಡಿದಳು. ಹತ್ತು ಬೆರಳಲ್ಲಿ ಆರಕ್ಕೆ ತುದಿ ಇರಲಿಲ್ಲ.

"ಬುಧವಾರಕ್ಕೇ ಅರ್ದೋಯ್ತವೆ ಅಮ್ಮಾ."

"ಹರಿದ್ರೆ ಕೇಳ್ಬೇಕು!"

"ಕೇಳ್ಲಿಲ್ವಾ? ಮೂರ್ ಸಲ ಕೇಳಿವ್ನಿ ನಿಮ್ನೇ. ಸ್ವಾಮಾರ ಬಾ ಅಂದ್ರಿ. ಎಲ್ರಿಗೂ ಒಂದೇ ಅಂದ್ರಿ. ಆ ಇಬ್ರು ಒಂದ್ ಪಿಲೇಟ್ ಮಾಡಗಂಟ ನಾನು ಮೂರು ಮಾಡ್ತೀನಿ, ನನ್ ಗಿಲೌಸು ಅರೀದೆ ಇನ್ಯಾರ್ದು ಅರೀತದೆ?"

ಆಮೇಲೆ ತೋಳು ತಿರುಗಿಸಿ ತೋರಿಸಿದಳು. ಮಣಿಕಟ್ಟಿನಿಂದ ಮೇಲಕ್ಕೆ ಕೆಂಪು ಗೀರು, ಗುಳ್ಳೆ, ಕೆರೆದು ಒಣಗಿದ ಚರ್ಮ.

"ಗಾಜು ಚುಚ್ತದೆ. ಚಳಿ ಬಿದ್ಮೇಲೆ ರಾತ್ರಿ ಪೂರಾ ಕೆರೀತೀನಿ. ಎಣ್ಣೆ ಅಚ್ಕಂಡ್ರೆ ಒಸಿ ಕಮ್ಮಿ. ಎಣ್ಣೆ ಅಚ್ಬಾರ್ದು ಅಂತ ಯಾರಾದ್ರೂ ಒಂದ್ ಮಾತ್ ಅಂದಿದ್ರಾ?"

ಮೂರನೇ ಮೇಜಿನವಳು ಬಾಯಿಗೆ ಸೆರಗು ಹಿಡಿದಳು. ನಗುವೋ, ಹೆದರಿಕೆಯೋ ತಿಳಿಯಲಿಲ್ಲ. ಎರಡನೇ ಮೇಜಿನವಳು ಗ್ಲೌಸು ಕೇಳಿದ್ದು ನನಗೆ ನೆನಪಿತ್ತು. ನಾನು ಕನ್ನಡಕ ಕೂಡ ತೆಗೆಯದೆ, ಪೆನ್ಸಿಲು ನಿಲ್ಲಿಸದೆ ಉತ್ತರ ಕೊಟ್ಟದ್ದೂ ನೆನಪಿತ್ತು.

ಆದರೂ ನೆನಪೊಂದೇ ಸಾಕ್ಷಿಯಲ್ಲ. ಅದೇ ದಿನ ಅವಳ ಕೈಯಿಂದಲೇ ಎರಡು ಪ್ಲೇಟು ಹಾಸಿಸಿದೆ. ಒಂದಕ್ಕೆ ಹೊಸ ಗ್ಲೌಸು, ಒಂದಕ್ಕೆ ಎಣ್ಣೆ ಕೈ. ಬೆಂದು ಬಂದ ಮೇಲೆ ಕೊಯ್ಯಿಸಿ, ಅದ್ದಿ, ಒತ್ತಿದೆ. ಗ್ಲೌಸಿನದು ಒಂದೂ ತಪ್ಪದೆ ಕಾಯಿ ಒಡೆದಂತೆ ಒಡೆಯಿತು. ಎಣ್ಣೆಯದರಲ್ಲಿ ಮೂಲೆಗಳು ಪಿಸುಗುಟ್ಟಿದವು, ನಡುವಿನ ತುಂಡುಗಳು ಮಾತ್ರ ಗಟ್ಟಿ. ಹಳೆಯ ಹಾಳೆಗಳನ್ನು ತೆಗೆದು ಇನ್ನೊಂದು ಲೆಕ್ಕ ನೋಡಿದೆ. ಮೂರೂ ಮೇಜುಗಳ ನಡುವಿನ ತುಂಡುಗಳನ್ನಷ್ಟೇ ಹೋಲಿಸಿದರೆ ಎಲ್ಲಕ್ಕಿಂತ ಗಟ್ಟಿಯಾದವು ಎರಡನೇ ಮೇಜಿನವೇ. ಎಳೆ ಅಷ್ಟು ನೇರ ಇದ್ದರೆ ಹಾಗೆಯೇ ಆಗಬೇಕು.

ಶನಿವಾರ ಮಾಲೀಕ ವರದಿ ಟೈಪು ಮಾಡಿಸಿ ನನ್ನ ಮೇಜಿಗೆ ತಂದಿಟ್ಟ. ನನ್ನ ಸಹಿಗೆ ಜಾಗ ಬಿಟ್ಟಿತ್ತು. ಕಾರಣ ಎಂಬಲ್ಲಿ ಒಂದೇ ಸಾಲು. ಕೆಲಸಗಾರ್ತಿಯ ಅಜಾಗರೂಕತೆ, ಆಕೆಯನ್ನು ತೆಗೆದುಹಾಕಲಾಗಿದೆ.

"ಯಾವಾಗ ತೆಗೆದ್ರಿ?"

"ಈಗ ಹೇಳಿ ಕಳಿಸ್ದೆ. ಸೋಮವಾರದಿಂದ ಬರಬೇಡ ಅಂತ."

"ಇದು ಅಜಾಗರೂಕತೆ ಅಲ್ಲ. ಗ್ಲೌಸು ಕೊಡದೆ ಇದ್ದದ್ದು. ಕೊಡದೆ ಇದ್ದದ್ದು ನಾನು."

ಅವನು ಕುರ್ಚಿ ಎಳೆದುಕೊಂಡು ಕೂತ. ಮಗುವಿಗೆ ಹೇಳುವ ದನಿ ತೆಗೆದ. "ಮೇಡಂ, ಒಂದು ನಿಮಿಷ ಕೇಳಿ. ಮನುಷ್ಯರದು ತಪ್ಪು ಅಂತಾದ್ರೆ ಮನುಷ್ಯರನ್ನ ಬದಲಾಯಿಸಿದ್ರೆ ಮುಗೀತು. ಮಿಕ್ಕ ಪ್ಲೇಟೆಲ್ಲ ಪಾಸು. ಸಿಸ್ಟಮ್ಮಿನದು ತಪ್ಪು ಅಂತಾದ್ರೆ ಎಲ್ಲಾ ಪ್ಲೇಟೂ ಮೊದಲಿಂದ. ಈ ಆರ್ಡರ್ ಹೋದ್ರೆ ಅವಳೊಬ್ಬಳಲ್ಲ, ಎಲ್ರೂ ಮನೆಗೆ. ನೀವು ಸರ್ಕಾರಿ ಕೆಲಸದಲ್ಲಿ ಇದ್ದೋರು, ನಿಮಗೆ ಇದನ್ನ ನಾನು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಅವನು ಬರೆಸಿದ ಆ ಸಾಲನ್ನು ಕಾರ್ಖಾನೆಯಲ್ಲಿ ಎಷ್ಟು ಸಲ ಸ್ವಂತ ಕೈಯಲ್ಲಿ ಬರೆದಿದ್ದೆನೋ ನನಗೇ ಗೊತ್ತಿಲ್ಲ. ಕೆಲಸಗಾರನ ಅಜಾಗರೂಕತೆ. ಆ ಪದ ಬರೆದರೆ ಫೈಲು ಮುಚ್ಚುತ್ತದೆ. ಮೇಲಿನವರು ಹಾಗೆ ಬರೆಯಬೇಕೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನಾಗಿಯೇ ಕಲಿತಿದ್ದೆ, ಚೆನ್ನಾಗಿ ಕಲಿತಿದ್ದೆ, ಹೊಸಬರಿಗೂ ಕಲಿಸಿದ್ದೆ. ಆ ಮೂವತ್ತನಾಲ್ಕು ವರ್ಷಗಳಲ್ಲಿ ಎಷ್ಟು ಜನರ ಗ್ಲೌಸು ಬುಧವಾರಕ್ಕೆ ಹರಿದಿತ್ತೋ. ನಾನು ಕೇಳಲಿಲ್ಲ. ಆ ಕ್ಷಣ ನನಗೆ ಬಂದ ಸಿಟ್ಟಿಗೆ ಮಾಲೀಕ ನೆಪವಷ್ಟೇ.

ಪೆನ್ನು ತೆಗೆದು ಆ ಸಾಲನ್ನು ಗೆರೆ ಎಳೆದು ಹೊಡೆದುಹಾಕಿದೆ. ಅದರ ಮೇಲೆ ಬರೆದೆ: ಗ್ಲೌಸುಗಳನ್ನು ವಾರಕ್ಕೊಂದೇ ಜೊತೆ ಕೊಡುವ ನಿಯಮವೇ ಕಾರಣ. ನಿಯಮ ಮಾಡಿದವರು ಕೆಳಗೆ ಸಹಿ ಮಾಡಿರುವವರು. ಸಹಿ ಹಾಕಿದೆ.

"ಇದನ್ನ ನಾನು ಕಳಿಸಲ್ಲ," ಅಂದ.

"ಇನ್ನೊಂದಕ್ಕೆ ನಾನು ಸಹಿ ಹಾಕಲ್ಲ."

ಪರೀಕ್ಷೆ ಮಾಡಿದವರ ಸಹಿ ಇಲ್ಲದೆ ಆ ಸಂಸ್ಥೆ ವರದಿ ತೆಗೆದುಕೊಳ್ಳುತ್ತಿರಲಿಲ್ಲ. ಸೋಮವಾರ ನಾನು ಎಂಟೂ ಇಪ್ಪತ್ತಕ್ಕೆ ಬಂದೆ. ಎರಡನೇ ಮೇಜು ಖಾಲಿ. ಮಂಗಳವಾರ ಅಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಬಟ್ಟೆಯನ್ನು ಚಾಪೆ ಹಾಸಿದಂತೆ ಹಾಸುತ್ತಿದ್ದಳು. ಮಾಲೀಕ ದಿನಕ್ಕೆರಡು ಸಲ ಹೊಸದಾಗಿ ಟೈಪು ಮಾಡಿದ ಹಾಳೆ ತಂದಿಡುತ್ತಿದ್ದ, ನಾನು ಹಿಂದಿನದರ ಮೇಲೆ ನೇರ್ಪಾಗಿ ಜೋಡಿಸಿಡುತ್ತಿದ್ದೆ. ಟೀ ತರುವವನು ಲೋಟ ಇಟ್ಟು ಓಡುತ್ತಿದ್ದ.

ಬುಧವಾರ ಕೆಲಸ ಕಳೆದುಕೊಂಡವಳು ಗೇಟಿನ ಬಳಿ ನಿಂತಿದ್ದಳು. ಒಳಗೆ ಬಿಟ್ಟಿರಲಿಲ್ಲ. ಅವಳಿಗೆ ಈ ಪ್ಲೇಟು, ಸುರುಳಿ ಯಾವುದೂ ಬೇಕಿರಲಿಲ್ಲ. ಬೇಕಿದ್ದದ್ದು ಇದು: "ಎರಡ್ ತಿಂಗಳ್ ಕೆಲ್ಸ ಆಳ್ ಮಾಡಿದ್ಲು ಅಂತ ಈ ಕ್ರಾಸ್ ಪೂರಾ ಸುದ್ದಿ ಆಗದೆ ಅಮ್ಮಾ. ನಾಕ್ ಶೆಡ್ಡಲ್ಲಿ ಕೇಳ್ದೆ. ಎಣ್ಣೆ ಕೈಯೋಳು ನೀನೇನಾ ಅಂತ ನಗ್ತವ್ರೆ. ನನ್ಗೆ ಬರೋದು ಇದೊಂದ್ ಕೆಲ್ಸ. ಇದ್ನ ಚೆನ್ನಾಗ್ ಮಾಡ್ತೀನಿ ಅಂತ ನಿಮ್ಗೆ ಗೊತ್ತಿಲ್ವಾ?"

"ಗೊತ್ತಿದೆ."

"ಗೊತ್ತಿದ್ರೆ ಅಂಗೇ ಬರೀರಿ. ನೀವ್ ಬರೆಯೋರಲ್ವಾ."

ನಾನು ಒಳಗೆ ಹೋಗಿ ಹೊಸ ಹಾಳೆಯಲ್ಲಿ ಹಾಗೆಯೇ ಬರೆದೆ. ಮೂರು ಮೇಜಿನ ನಡುವಿನ ತುಂಡುಗಳ ಪಟ್ಟಿ ಹಾಕಿ, ಅತ್ಯಂತ ಗಟ್ಟಿಯಾದ ಪ್ಲೇಟು ಹಾಸುವವಳು ಯಾರು, ಅವಳ ಗ್ಲೌಸು ಎಂದಿಗೆ ಹರಿಯುತ್ತಿತ್ತು, ಅವಳು ಎಷ್ಟು ಸಲ ಕೇಳಿದಳು, ಉತ್ತರ ಏನು ಸಿಕ್ಕಿತು, ಎಲ್ಲಾ. ಸಾಲು ಹೊಡೆದಿದ್ದ ಹಾಳೆಗೆ ಅದನ್ನು ಪಿನ್ ಮಾಡಿದೆ.

ಶುಕ್ರವಾರ ವಿಜ್ಞಾನಿ ತಾವೇ ಬಂದರು. ವರದಿ ಯಾಕೆ ತಡ ಎಂದು ಕೇಳಲು. ಮಾಲೀಕ ತನ್ನ ಹಾಳೆ ಚಾಚಿದ, ನಾನು ನನ್ನದು ಚಾಚಿದೆ. ಅವರು ನಿಂತೇ ಎರಡನ್ನೂ ಓದಿದರು. ಅವರಿಂದ ಮೆಚ್ಚುಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

"ಇಷ್ಟು ವರ್ಷ ಅನುಭವ ಇರೋ ನೀವು ಗ್ಲೌಸಿಗೆ ಬೀಗ ಹಾಕಿದ್ರಾ?"

"ಹಾಕಿದೆ."

"ಗುರುವಾರದಿಂದ ಶನಿವಾರದ ಪ್ಲೇಟು ಒಂದೂ ನನಗೆ ಬೇಡ. ಎಲ್ಲಾ ಮತ್ತೆ ಮಾಡಿ." ಮಾಲೀಕನ ಕಡೆ ತಿರುಗಿದರು. "ಈ ನಡುವಿನ ತುಂಡು ಮಾಡಿದ ಕೈ ಎಲ್ಲಿದೆ?"

ಮಾಲೀಕ ಎರಡನೇ ಮೇಜಿನ ಹೊಸಬಳ ಕಡೆ ನೋಡಿದ.

"ಹೊಸಬರ ಕೈಯಲ್ಲಿ ಮಾಡಿಸಿದ್ರೆ ಪರೀಕ್ಷೆ ಎಲ್ಲಾ ಮೊದಲಿಂದ. ಕೈ ಬದಲಾಯಿಸಬೇಡಿ," ಅಂದು ಹೆಲ್ಮೆಟ್ ತೆಗೆದುಕೊಂಡು ಹೋದರು.

ನ್ಯಾಯ ಗೆದ್ದಿತು ಎಂದು ನಾನು ಹೇಳುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ನೇರ ಎಳೆ. ಅವಳ ತೋಳಿನ ಗುಳ್ಳೆಯ ಬಗ್ಗೆ ನಾನು ಬರೆದಿದ್ದ ಸಾಲನ್ನು ಅವರು ಓದಿದರೋ ಇಲ್ಲವೋ. ಮಾಲೀಕ ಅರ್ಧ ಗಂಟೆ ತನ್ನ ಕೋಣೆಯಲ್ಲಿ ಕೂತು ಹೊರಗೆ ಬಂದು, "ನೀವೇ ಹೋಗಿ ಕರ್ಕೊಂಡು ಬನ್ನಿ. ನಿಮ್ಮ ಮಾತೇ ಕೇಳೋದು ಅವಳು" ಅಂದ. ಅದೂ ಸುಳ್ಳು.

ಅವಳ ಮನೆ ಎರಡನೇ ಬೀದಿಯ ಕೊನೆಗೆ. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕೂತುಕೊಳ್ಳಿ ಅನ್ನಲಿಲ್ಲ. ನಾನು ನಿಂತೇ ಹೇಳಿದೆ. ವರದಿಯಲ್ಲಿ ಏನಿದೆ, ಅದಕ್ಕೆ ಯಾರ ಸಹಿ ಇದೆ, ಸೋಮವಾರ ಎಂಟೂವರೆಗೆ ಬರಬೇಕು.

"ಅಜಾಗ್ರತೆ ಅನ್ನೋದು ಅಳ್ಸಿದ್ರಾ?"

"ಅಳಿಸಿಲ್ಲ. ಹೊಡೆದು ಮೇಲೆ ಸರಿ ಬರೆದಿದೀನಿ. ಅಳಿಸಿದ್ರೆ ಯಾರೂ ಬರೆದೇ ಇರಲಿಲ್ಲ ಅನ್ನೋ ಹಾಗಾಗುತ್ತೆ."

ಅವಳು ಇನ್ನೊಂದು ಕಾಯಿ ಸುಲಿದಳು. "ಆ ಓನರ್ರು ಬಂದು ಎಲ್ರ ಮುಂದೆ ಅನ್ಬೇಕು."

"ಅವನು ಅನ್ನಲ್ಲ. ನಾನು ಅಂತೀನಿ."

"ಕಿರ್ಚಿದ್ದು ನೀವೇ ಅಲ್ವಾ," ಅಂದಳು. "ಅಷ್ಟೇ ಜೋರಾಗ್ ಅನ್ಬೇಕು."

ಸೋಮವಾರ ಎಂಟೂವರೆಗೆ, ಮೂರೂ ಮೇಜಿನವರು, ಒಲೆಯವನು, ಕೊಯ್ಯುವವನು ಎಲ್ಲರೂ ನಿಂತಿದ್ದಾಗ ನಾನು ಅಷ್ಟೇ ಜೋರಾಗಿ ಅಂದೆ. ಪ್ಲೇಟು ಕೆಟ್ಟದ್ದು ನನ್ನ ನಿಯಮದಿಂದ, ಇವಳ ಕೈಯಿಂದಲ್ಲ. ಗ್ಲೌಸಿನ ಬೀರುವಿನ ಬೀಗ ತೆಗೆದು ಮೇಜಿನ ಮೇಲಿಟ್ಟೆ. ಮಾಲೀಕ ಶಟರಿನ ಹತ್ತಿರ ಫೋನು ನೋಡುತ್ತಾ ನಿಂತಿದ್ದ. ಮೂರನೇ ಮೇಜಿನವಳು ಪಕ್ಕದವಳ ಕಿವಿಯಲ್ಲಿ, ಆದರೆ ನನಗೆ ಕೇಳುವಂತೆಯೇ, "ಮೇಡಮ್ಮನಿಗೂ ತಪ್ಪಾಗ್ತದಂತೆ ಕಣೇ" ಅಂದಳು.

ಎರಡನೇ ಮೇಜಿನವಳು ಹೊಸ ಗ್ಲೌಸು ಹಾಕಿಕೊಂಡು, ಬೆರಳು ಮಡಚಿ ಬಿಚ್ಚಿ ನೋಡಿ, ಬಟ್ಟೆಯ ಎರಡು ಮೂಲೆ ಹಿಡಿದು ಒದರಿದಳು. ಅವಳು ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ಅವಳ ಮೇಲೂ ರೇಗುತ್ತಿದ್ದೆ.